ಹಿತ್ತಲಿನ ಹತ್ತು ಅಡಿ: ಕ್ಯಾಲಿಫೋರ್ನಿಯಾದಲ್ಲಿ ನಾವು ಕಟ್ಟಿಸಿದ ಎಡಿಯು

ಮೊದಲು ಅಳತೆಗಳನ್ನು ಹೇಳಿಬಿಡುತ್ತೇನೆ. ಮುಂದಿನ ಕಥೆಯೆಲ್ಲ ಅವುಗಳ ಮೇಲೇ ನಿಂತಿದೆ. ನಮ್ಮ ಸೈಟು 60 ಅಡಿ ಅಗಲ, 100 ಅಡಿ ಉದ್ದ. 1962ರಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮನೆ, ಗ್ಯಾರೇಜು ಸೇರಿ 1,870 ಚದರ ಅಡಿ. ಮನೆಯ ಮುಖ ದಕ್ಷಿಣಕ್ಕೆ, ಹಿತ್ತಲು ಉತ್ತರಕ್ಕೆ. ಹಿಂಗೋಡೆಯಿಂದ ಹಿಂದಿನ ಬೇಲಿಗೆ 38 ಅಡಿ. ಊರು ಸಾಂತಾ ಕ್ಲಾರಾ ಕೌಂಟಿಯಲ್ಲಿದೆ. ಹೆಸರು ಬೇಡ, ಯಾಕೆಂದರೆ ಮುಂದೆ ನಗರಸಭೆಯ ಬಗ್ಗೆ ಒಂದೆರಡು ದೂರು ಬರುತ್ತವೆ.

ಈ 38 ಅಡಿಯೊಳಗೆ ಅಪ್ಪ ಅಮ್ಮನಿಗೆ ಒಂದು ಪುಟ್ಟ ಮನೆ ಕಟ್ಟಬೇಕಿತ್ತು. ಅಪ್ಪ ಶಿವಮೊಗ್ಗದಲ್ಲಿ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಆರಾರು ತಿಂಗಳಿಗೆ ಬಂದು ಹೋಗುತ್ತಿದ್ದರು. ಗ್ರೀನ್ ಕಾರ್ಡ್ ಆದ ಮೇಲೆ ಇಲ್ಲೇ ಇರುವುದು ಅಂತ ತೀರ್ಮಾನವಾಯಿತು. ಮಕ್ಕಳ ಕೋಣೆಯಲ್ಲಿ ಮಡಚುವ ಮಂಚ ಹಾಕಿಕೊಂಡು ಎಷ್ಟು ದಿನ ಅಂತ ಇರೋದು? ಅಮ್ಮನಿಗೆ ತನ್ನದೇ ಒಲೆ ಬೇಕು. ಅಪ್ಪನಿಗೆ ಬೆಳಗ್ಗೆ ಐದಕ್ಕೆ ಎದ್ದು ರೇಡಿಯೋ ಹಾಕಬೇಕು. ನನ್ನ ಗಂಡನಿಗೆ ಆ ಹೊತ್ತಿನಲ್ಲಿ ನಿದ್ದೆ ಬೇಕು.

ನಮ್ಮ ಕಡೆ ಔಟ್‌ಹೌಸ್ ಅನ್ನುವುದಕ್ಕೆ ಇಲ್ಲಿ ಅಕ್ಸೆಸರಿ ಡ್ವೆಲ್ಲಿಂಗ್ ಯೂನಿಟ್ ಅನ್ನುತ್ತಾರೆ. ಬಾಯಿಮಾತಿನಲ್ಲಿ ಎಡಿಯು. ದೊಡ್ಡ ಮನೆ ಇರುವ ಸೈಟಿನಲ್ಲೇ ಇನ್ನೊಂದು ಚಿಕ್ಕ ಮನೆ, ಅದಕ್ಕೆ ತನ್ನದೇ ಅಡುಗೆಮನೆ, ಬಚ್ಚಲು, ಬಾಗಿಲು ಇರಬೇಕು. ಅಡುಗೆಮನೆ ಇದೆ ಅನ್ನುವುದೇ ಇದನ್ನು ಸಾಮಾನ್ಯ ಕೋಣೆಯಿಂದ ಬೇರೆ ಮಾಡುವುದು.

ಕ್ಯಾಲಿಫೋರ್ನಿಯಾದಲ್ಲಿ ಇದು ಈಗ ಸಲೀಸು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅನ್ನುವ ವಲಯ ನಿಯಮ ಹುಟ್ಟಿದ್ದೇ ಈ ಕಡೆ, 1916ರಲ್ಲಿ, ಬರ್ಕ್ಲಿಯಲ್ಲಿ. ಬೇಡದ ಜನರನ್ನು ದೂರ ಇಡುವ ಉದ್ದೇಶವೂ ಅದರ ಹಿಂದೆ ಇತ್ತು ಅನ್ನುವುದನ್ನು ಇಂದು ಬರ್ಕ್ಲಿಯವರೇ ಒಪ್ಪುತ್ತಾರೆ. ಆಮೇಲೆ ಮನೆಗಳಿಗೆ ಬರ ಬಂತು. ಹಿತ್ತಲಲ್ಲಿ ಎರಡನೇ ಮನೆಗೆ ರಾಜ್ಯ ಮೊದಲ ಕಾನೂನು ಮಾಡಿದ್ದು 1982ರಲ್ಲಿ. ಆದರೆ ಊರುಗಳು ಬಗ್ಗಲಿಲ್ಲ. ಇಷ್ಟು ದೊಡ್ಡ ಸೈಟು ಬೇಕು, ಎರಡು ಕಾರಿಗೆ ಜಾಗ ಬೇಕು, ನೆರೆಯವರನ್ನು ಕೂರಿಸಿಕೊಂಡು ವಿಚಾರಣೆ ನಡೆಯಬೇಕು ಅಂತ ಒಂದೊಂದು ಕೊಕ್ಕೆ. 2017ರಿಂದ ರಾಜ್ಯ ಆ ಕೊಕ್ಕೆಗಳನ್ನು ಒಂದೊಂದಾಗಿ ತೆಗೆಯಿತು. 2020ರ ಜನವರಿಯಲ್ಲಿ ಜಾರಿಗೆ ಬಂದ ಎಬಿ 68, ಎಬಿ 881, ಎಸ್‌ಬಿ 13 ಅನ್ನುವ ಮೂರು ಕಾನೂನುಗಳು ಆಟವನ್ನೇ ಬದಲಿಸಿದವು. 800 ಚದರ ಅಡಿವರೆಗಿನ ಎಡಿಯುವನ್ನು ಪಕ್ಕ ಮತ್ತು ಹಿಂದೆ 4 ಅಡಿ ಬಿಟ್ಟು ಕಟ್ಟುವುದಾದರೆ ಊರು ಇಲ್ಲ ಅನ್ನುವ ಹಾಗಿಲ್ಲ. ವಿಚಾರಣೆ ಇಲ್ಲ, ನೆರೆಯವರ ಮತ ಇಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನದೊಳಗೆ ಉತ್ತರ ಕೊಡಬೇಕು.

ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವರು ನಂಬಲಿಲ್ಲ. "ಹಿತ್ತಲಲ್ಲೇ 800 ಚದರ ಅಡಿನಾ? ನಮ್ಮಲ್ಲಿ 30-40 ಸೈಟೇ 1,200 ಕಣಮ್ಮ. ಅದರಲ್ಲಿ ಸೆಟ್‌ಬ್ಯಾಕ್ ಬಿಟ್ಟು ಮನೆ ಕಟ್ಟು ಅಂದ್ರೆ ಜನ ಅಳ್ತಾರೆ" ಅಂದರು. ಆಮೇಲೆ ಸ್ವಲ್ಪ ತಡೆದು, "ಅಳ್ತಾರೆ, ಬಿಡದೇನೇ ಕಟ್ತಾರೆ" ಅಂತ ಸೇರಿಸಿದರು.

ಮೊದಲ ನಕ್ಷೆ

2023ರ ವಸಂತದಲ್ಲಿ ಒಂದು ಎಡಿಯು ಕಂಪನಿಯನ್ನು ಹಿಡಿದೆವು. ಚೆಂದದ ವೆಬ್‌ಸೈಟು, ಚೆಂದದ ಮಾತು. ಒಬ್ಬ ಹುಡುಗ ಬಂದ, ಫೋನಿನಲ್ಲೇ ನಾಲ್ಕು ಫೋಟೋ ತೆಗೆದ, ಕೌಂಟಿಯ ಆನ್‌ಲೈನ್ ನಕಾಶೆಯಿಂದ ಸೈಟಿನ ಗೆರೆ ತೆಗೆದುಕೊಂಡ. ಎರಡು ವಾರದಲ್ಲಿ ನಕ್ಷೆ ಬಂತು. 50 ಅಡಿ ಉದ್ದ, 20 ಅಡಿ ಅಗಲ, ಎರಡು ಮಲಗುವ ಕೋಣೆ, 1,000 ಚದರ ಅಡಿ. ಹಿಂದೆ ಸರಿಯಾಗಿ 4 ಅಡಿ ಬಿಟ್ಟಿದ್ದರು. ಮಧ್ಯದಲ್ಲಿ 14 ಅಡಿ ಅಂಗಳ. ಒಂದಕ್ಕಿಂತ ಹೆಚ್ಚು ಕೋಣೆ ಇರುವ ಎಡಿಯುವಿಗೆ ಊರಿನ ಗರಿಷ್ಠ ಮಿತಿ 1,000 ಚದರ ಅಡಿಗಿಂತ ಕಡಿಮೆ ಇರುವಂತಿಲ್ಲ ಅಂತ ರಾಜ್ಯದ ಕಾನೂನಿದೆ, ಅದಕ್ಕೇ ಆ ಸಂಖ್ಯೆ. ನಾವು 6,500 ಡಾಲರ್ ಕೊಟ್ಟೆವು.

ಜುಲೈನಲ್ಲಿ ಅಪ್ಪ ಅಮ್ಮ ಬಂದರು. ಊಟದ ಮೇಜಿನ ಮೇಲೆ ನಕ್ಷೆ ಹರಡಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಐದು ನಿಮಿಷ ನೋಡಿದರು. ಬಾಯಿಂದ ಬಂದ ಮೊದಲ ಪ್ರಶ್ನೆ ಇದು: "ಇ.ಸಿ. ತೆಗೆಸಿದ್ಯಾ?"

ಇ.ಸಿ. ಅಂದರೆ ನಮ್ಮ ಕಡೆ ತೆಗೆಸುವ ಋಣಭಾರ ಪತ್ರ. ನಾನು ನಕ್ಕೆ. ಇದು ಶಿವಮೊಗ್ಗದ ಸಬ್‌ರಿಜಿಸ್ಟ್ರಾರ್ ಆಫೀಸಲ್ಲ ಅಪ್ಪಾ ಅಂದೆ. ಅವರು ಬಿಡಲಿಲ್ಲ. ಯಾವ ದೇಶವಾದರೂ ಜಾಗದ ಮೇಲೆ ಯಾರ ಹಕ್ಕಿದೆ ಅಂತ ಒಂದು ಕಾಗದ ಇದ್ದೇ ಇರುತ್ತೆ, ಅದನ್ನ ತೋರಿಸು ಅಂದರು. ಇತ್ತು. ಮನೆ ಕೊಂಡಾಗ, ಆಸ್ತಿಯ ದಾಖಲೆ ನೋಡುವ ಟೈಟಲ್ ಕಂಪನಿಯವರು ಕೊಟ್ಟ ರಿಪೋರ್ಟು, ಕಪಾಟಿನ ಮೇಲೆ, ದೀಪಾವಳಿ ಲೈಟಿನ ಡಬ್ಬದ ಕೆಳಗೆ. ಸಹಿ ಹಾಕಿದ್ದೆವು, ಓದಿರಲಿಲ್ಲ. ಯಾರು ಓದ್ತಾರೆ?

ಅಪ್ಪ ಓದಿದರು. ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆದ ಹಾಗೆ ಅದರಲ್ಲೂ ಸೈಟಿನ ವಿವರ ಇತ್ತು. ಅದರ ಕೆಳಗೆ ಒಂದು ಪಟ್ಟಿ. ಏಳನೇ ಸಾಲು: ಸೈಟಿನ ಹಿಂದಿನ 10 ಅಡಿ, ಪೂರ್ತಿ ಅಗಲಕ್ಕೆ, ಸಾರ್ವಜನಿಕ ಸೇವೆಗಳಿಗೆ ಬಿಟ್ಟುಕೊಟ್ಟ ಜಾಗ. ಅರವತ್ತರ ದಶಕದ ಈ ಬಡಾವಣೆಗಳಲ್ಲಿ ಕರೆಂಟ್ ಕಂಬಗಳು ರಸ್ತೆಯಲ್ಲಿಲ್ಲ, ಹಿತ್ತಲಿನ ಬೇಲಿಯುದ್ದಕ್ಕೂ ಇವೆ. ಅವುಗಳ ತಂತಿಗಾಗಿ, ಕಂಬ ಹತ್ತುವವರಿಗಾಗಿ ಆ 10 ಅಡಿ ಜಾಗದ ಪಟ್ಟಿ. ಇಲ್ಲಿ ಇದನ್ನು ಈಸ್‌ಮೆಂಟ್ ಅನ್ನುತ್ತಾರೆ. ಜಾಗ ನಮ್ಮದೇ, ತೆರಿಗೆ ನಾವೇ ಕಟ್ಟಬೇಕು, ಸೊಪ್ಪು ಬೆಳೆದುಕೊಳ್ಳಬಹುದು. ಮನೆ ಮಾತ್ರ ಕಟ್ಟುವಂತಿಲ್ಲ.

ಕಂಬ ಅಲ್ಲೇ ಕಣ್ಣೆದುರು ನಿಂತಿತ್ತು. ಎಂಟು ವರ್ಷದಿಂದ ನೋಡುತ್ತಿದ್ದೆವು. ಫೋಟೋ ತೆಗೆದ ಹುಡುಗನ ಫೋಟೋದಲ್ಲೂ ಇತ್ತು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವ ವಿಷಯ ಇಲ್ಲೇ ಇದೆ. 4 ಅಡಿ ಅನ್ನುವುದು ವಲಯ ನಿಯಮ, ಅಂದರೆ ಜೋನಿಂಗ್. ರಾಜ್ಯ ಊರಿನ ಕೈ ಕಟ್ಟಿಹಾಕಿ ಅದನ್ನು ನಮಗೆ ಕೊಟ್ಟಿದೆ. ಆದರೆ ಈಸ್‌ಮೆಂಟ್ ಊರಿನ ನಿಯಮ ಅಲ್ಲವೇ ಅಲ್ಲ. ಅದು ಆಸ್ತಿಯ ಮೇಲೆ ಇನ್ನೊಬ್ಬರಿಗೆ ಇರುವ ಹಕ್ಕು. ಎಡಿಯು ಕಾನೂನು ಅದನ್ನು ಮುಟ್ಟುವುದಿಲ್ಲ. ಎಲ್ಲರೂ ಜೋನಿಂಗ್ ಜೋನಿಂಗ್ ಅಂತ ಬಡಿದುಕೊಳ್ಳುತ್ತಾರೆ. ನಮ್ಮ ಮನೆಯ ಆಕಾರವನ್ನು ತೀರ್ಮಾನ ಮಾಡಿದ್ದರಲ್ಲಿ ಜೋನಿಂಗಿನ ಪಾಲು ಕಡಿಮೆ.

ಆ ಪಟ್ಟಿಯನ್ನು ಬಿಟ್ಟುಕೊಡಿ ಅಂತ ಸೇವಾ ಕಂಪನಿಗಳನ್ನು ಕೇಳುವ ದಾರಿ ಇದೆ. ಬಳಕೆಯಲ್ಲಿಲ್ಲದ ಪಟ್ಟಿಯಾದರೆ ಒಂದೊಂದು ಸಲ ಬಿಡುತ್ತಾರೆ. ತಲೆ ಮೇಲೆ ಜೀವಂತ ತಂತಿ ಇದ್ದಾಗ ಕೇಳಿ ಪ್ರಯೋಜನವಿಲ್ಲ. ನಾವು ಕೇಳಲಿಲ್ಲ. 6,500 ಡಾಲರ್ ಹೋಯಿತು. ಕರಾರಿನಲ್ಲಿ "ಮಾಲೀಕರು ಕೊಟ್ಟ ಮಾಹಿತಿಯ ಆಧಾರದ ಮೇಲೆ" ಅಂತ ಒಂದು ಸಾಲಿತ್ತು. ಅದನ್ನೂ ನಾವು ಓದಿರಲಿಲ್ಲ.

ಗ್ಯಾರೇಜು ಯಾಕೆ ಬೇಡ ಅಂದೆವು

ಇಲ್ಲಿ ಒಂದು ಮಾತು ಹೇಳಬೇಕು. ಗ್ಯಾರೇಜನ್ನೇ ಎಡಿಯು ಮಾಡಬಹುದು. ಗೋಡೆ, ಛಾವಣಿ ಇದ್ದೇ ಇದೆ. ಅದು ಬೇಲಿಗೆ ಅಂಟಿಕೊಂಡೇ ಇದ್ದರೂ ಹೊಸದಾಗಿ 4 ಅಡಿ ಬಿಡಿ ಅಂತ ಕೇಳುವಂತಿಲ್ಲ. ಹೋದ ಕಾರಿನ ಜಾಗಕ್ಕೆ ಬದಲಿ ಜಾಗ ಕೊಡಿ ಅಂತಲೂ ಕೇಳುವಂತಿಲ್ಲ. ಖರ್ಚು ಹೊಸ ಕಟ್ಟಡದ ಅರ್ಧಕ್ಕಿಂತ ಕಡಿಮೆ ಬೀಳಬಹುದು. ಬಹಳಷ್ಟು ಮನೆಯವರಿಗೆ ಅದೇ ಒಳ್ಳೆಯದು ಅಂತ ನನಗೆ ಈಗಲೂ ಅನಿಸುತ್ತದೆ. ನಮ್ಮ ಗ್ಯಾರೇಜು ಬೀದಿಗೆ ಮುಖ ಮಾಡಿತ್ತು, ಅಮ್ಮನಿಗೆ ಹಿತ್ತಲು ಬೇಕಿತ್ತು. ಅಷ್ಟೇ ಕಾರಣ.

ಊರು ಮೊದಲೇ ಒಪ್ಪಿಟ್ಟ ಸಿದ್ಧ ನಕ್ಷೆಗಳೂ ಸಿಗುತ್ತವೆ. 2025ರ ಜನವರಿ ಹೊತ್ತಿಗೆ ಕ್ಯಾಲಿಫೋರ್ನಿಯಾದ ಎಲ್ಲ ಊರುಗಳೂ ಅಂಥದ್ದೊಂದು ವ್ಯವಸ್ಥೆ ಇಟ್ಟಿರಬೇಕು ಅಂತ ಕಾನೂನಾಯಿತು. ಸ್ಯಾನ್ ಹೊಸೆಯಂಥ ಊರು ಅದಕ್ಕೂ ಮೊದಲೇ ಶುರು ಮಾಡಿತ್ತು. ನಾವು ಒಂದಷ್ಟು ನೋಡಿದೆವು. ನಮಗೆ ಹಿಡಿಸಿದ ಎಲ್ಲದರ ಅಗಲವೂ 20 ಅಡಿಯ ಮೇಲೆ. 10 ಅಡಿ ಪಟ್ಟಿ ಬಿಟ್ಟ ಮೇಲೆ ಅವು ಕೂರಲಿಲ್ಲ.

ಎರಡನೇ ನಕ್ಷೆ

ಎರಡನೇ ಸಲ ನಾವು ಕಂಪನಿಗೆ ಹೋಗಲಿಲ್ಲ. ಒಬ್ಬರೇ ಕೆಲಸ ಮಾಡುವ ಒಬ್ಬ ಹಿರಿಯ ಡಿಸೈನರ್ ಸಿಕ್ಕರು. ಅವರು ಬಂದ ದಿನ ಮೊದಲು ಕೇಳಿದ್ದು ಟೈಟಲ್ ರಿಪೋರ್ಟ್. ಅಪ್ಪ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಸರ್ವೆ ಮಾಡಿಸಿದೆವು. ಹಿಂದಿನ ಬೇಲಿ ಸರಿಯಾದ ಗೆರೆಯ ಮೇಲೇ ಇತ್ತು, ದೇವರ ದಯೆ. ಲೆಕ್ಕ ಹೀಗೆ ಬಂತು. 38 ಅಡಿಯಲ್ಲಿ ಹಿಂದಿನ 10 ಹೋಯಿತು, ಉಳಿದದ್ದು 28. ದೊಡ್ಡ ಮನೆಗೂ ಹೊಸ ಮನೆಗೂ ನಡುವೆ 10 ಅಡಿ ಬಿಟ್ಟರು. ಯಾಕೆ 10? ಇದು ಬೆಂಕಿಯ ಲೆಕ್ಕ. ಕಟ್ಟಡದ ಕೋಡಿನ ಪ್ರಕಾರ ಬೇಲಿಗೆ 5 ಅಡಿಗಿಂತ ಹತ್ತಿರ ಇರುವ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂತೆ ಇರಬೇಕು. ಅದರಲ್ಲಿ ಕಿಟಕಿಗಳ ಅಳತೆಗೂ ಮಿತಿ. ಒಂದೇ ಸೈಟಿನ ಎರಡು ಕಟ್ಟಡಗಳ ಮಧ್ಯೆ ಇಲ್ಲದ ಒಂದು ಬೇಲಿಯನ್ನು ಮನಸ್ಸಿನಲ್ಲೇ ಎಳೆದು ಎರಡೂ ಕಡೆಗೆ ಅದೇ ಲೆಕ್ಕ ಹಾಕುತ್ತಾರೆ. ಐದೂ ಐದೂ ಹತ್ತು. ಹತ್ತು ಬಿಟ್ಟರೆ ಎರಡೂ ಮನೆಯ ಗೋಡೆ ಮಾಮೂಲಿಯಾಗಿರಬಹುದು, ಕಿಟಕಿ ಬೇಕಾದಷ್ಟು ಇಡಬಹುದು.

ಅದೇ ಕಾರಣಕ್ಕೆ ಪಶ್ಚಿಮದ ಬೇಲಿಯಿಂದಲೂ 4ರ ಬದಲು 5 ಅಡಿ ಬಿಟ್ಟೆವು. ವಲಯ ನಿಯಮ 4 ಸಾಕು ಅನ್ನುತ್ತೆ, ಬೆಂಕಿಯ ನಿಯಮ 5 ಆದರೆ ಸಲೀಸು ಅನ್ನುತ್ತೆ. ಕಾನೂನು ಕೊಟ್ಟ ಒಂದು ಅಡಿಯನ್ನು ವಾಪಸ್ ಕೊಟ್ಟು ಆ ಗೋಡೆಯ ಖರ್ಚು ಉಳಿಸಿಕೊಂಡೆವು.

ಹಾಗೆ ಉಳಿದದ್ದು 18 ಅಡಿ ಅಗಲ. ಉದ್ದ 41. ಒಟ್ಟು 738 ಚದರ ಅಡಿ. ಉದ್ದ ಇನ್ನೂ ಜಾಸ್ತಿ ಮಾಡಲು ಜಾಗವಿತ್ತು. ಮಾಡಲಿಲ್ಲ. 750 ಚದರ ಅಡಿಗಿಂತ ಚಿಕ್ಕ ಎಡಿಯುವಿಗೆ ಪಾರ್ಕು, ರಸ್ತೆ ಅಂತ ಊರು ವಸೂಲಿ ಮಾಡುವ ಅಭಿವೃದ್ಧಿ ಶುಲ್ಕ ಇಲ್ಲ. ಅದರ ಮೇಲೆ ಹೋದರೆ ದೊಡ್ಡ ಮನೆಯ ಅಳತೆಗೆ ಅನುಪಾತವಾಗಿ ಕಟ್ಟಬೇಕು. ಈ ಸಿಲಿಕಾನ್ ಕಣಿವೆಯಲ್ಲಿ 740, 745, 749 ಚದರ ಅಡಿಯ ಎಡಿಯುಗಳು ಯಾಕೆ ಅಷ್ಟು ಕಾಣುತ್ತವೆ ಅಂದರೆ ಇದಕ್ಕೇ. ಶಾಲೆಯ ಶುಲ್ಕ ಮಾತ್ರ ಬಿಡಲಿಲ್ಲ. 500 ಚದರ ಅಡಿ ದಾಟಿದರೆ ಅದು ಬೇರೆ ಖಾತೆ. ಮೊಮ್ಮಕ್ಕಳ ಶಾಲೆಗೆ ಅಜ್ಜ ಅಜ್ಜಿಯ ಮನೆಯಿಂದ ಶುಲ್ಕ ಅಂತ ನನ್ನ ಗಂಡ ತಮಾಷೆ ಮಾಡಿದರು. ಬಿಲ್ಲು ನೋಡಿದ ಮೇಲೆ ತಮಾಷೆ ನಿಲ್ಲಿಸಿದರು.

ಕಾರು ನಿಲ್ಲಿಸಲು ಜಾಗ ತೋರಿಸಬೇಕಾಗಲಿಲ್ಲ. ಅರ್ಧ ಮೈಲಿ ನಡೆಯುವ ದೂರದಲ್ಲಿ ಬಸ್ ನಿಲ್ದಾಣ ಇದ್ದರೆ ಕೇಳುವಂತಿಲ್ಲ. ನಮಗೆ ಇದೆ. "ದಿನಕ್ಕೆ ಎಷ್ಟು ಬಸ್ಸು?" ಅಂತ ಅಪ್ಪ ಕೇಳಿದರು. ಈ ನಿಯಮದಲ್ಲಿ ಆ ಪ್ರಶ್ನೆಯೇ ಇಲ್ಲ. ದೊಡ್ಡ ಮನೆಯಲ್ಲಿ ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇಲ್ಲದ್ದರಿಂದ ಚಿಕ್ಕ ಮನೆಗೂ ಬೇಡ. ಛಾವಣಿಯ ಮೇಲೆ ಸೋಲಾರ್ ಮಾತ್ರ ಬೇಕು. ಬೇರೆಯಾಗಿ ನಿಂತ ಹೊಸ ಎಡಿಯುವಿಗೆ ಅದು ಕಡ್ಡಾಯ, ತೀರಾ ಚಿಕ್ಕ ಛಾವಣಿಗೆ ವಿನಾಯಿತಿ ಇದೆ.

ಯುಜಿಡಿ ಎಲ್ಲಿದೆ?

ಅಪ್ಪನ ಎರಡನೇ ಪ್ರಶ್ನೆ ಇದು. ಯುಜಿಡಿ ಅಂದರೆ ಒಳಚರಂಡಿ. ಮನೆಯ ಕೊಳಚೆ ನೀರಿನ ಪೈಪು ಪಶ್ಚಿಮದ ಗೋಡೆ ಪಕ್ಕದಲ್ಲಿ ಹೊರಟು ರಸ್ತೆಗೆ ಹೋಗುತ್ತದೆ. ಹಿತ್ತಲಿನ ಕಡೆ ಮೂಲೆಯಲ್ಲಿ ಅದರ ಮುಚ್ಚಳ ಇದೆ. ಮುಚ್ಚಳ ತೆಗೆಸಿ ಅಪ್ಪ ಟೇಪು ಇಳಿಸಿದರು. ಪೈಪಿನ ತಳ ನೆಲದಿಂದ 26 ಇಂಚು ಕೆಳಗೆ.

ನಕ್ಷೆಯಲ್ಲಿ ಬಚ್ಚಲು ಪೂರ್ವದ ತುದಿಯಲ್ಲಿತ್ತು. ಅಲ್ಲಿಂದ ಈ ಮುಚ್ಚಳಕ್ಕೆ ತಿರುವುಗಳು ಸೇರಿ 64 ಅಡಿ. ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು ಬೇಕು, 64ಕ್ಕೆ 16 ಇಂಚು. 26ರಲ್ಲಿ 16 ಕಳೆದರೆ ಬಚ್ಚಲ ಹತ್ತಿರ ಪೈಪು ನೆಲದಿಂದ ಬರೀ 10 ಇಂಚು ಕೆಳಗೆ. ಅಂದರೆ ಪಾಯದ ಕಾಂಕ್ರೀಟಿಗೆ ಸರಿಯಾಗಿ ಅಡ್ಡ. ಒಂದೋ ಮನೆಯನ್ನೇ ಎತ್ತರಿಸಬೇಕು, ಇಲ್ಲವೇ ಪಂಪು ಇಟ್ಟು ನೀರನ್ನು ಮೇಲಕ್ಕೆ ತಳ್ಳಬೇಕು. ಎತ್ತರಿಸಿದರೆ ಬಾಗಿಲಿಗೆ ಮೂರು ಮೆಟ್ಟಿಲು. ಅಮ್ಮನ ಮಂಡಿಗೆ ಆ ಮೂರು ಮೆಟ್ಟಿಲು ಬೇಡ ಅಂತಲೇ ಅಲ್ವಾ ಈ ಮನೆ ಕಟ್ಟುತ್ತಿರುವುದು? ಪಂಪು ಅಂದರೆ ಕರೆಂಟು ಹೋದ ದಿನ ಏನು ಗತಿ?

ಅಪ್ಪ ನಕ್ಷೆಯ ಹಾಳೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಹಾಳೆಯನ್ನು ಮಗುಚಿ ಬೆಳಕಿಗೆ ಹಿಡಿದರು. ಬಚ್ಚಲು ಪೂರ್ವದಿಂದ ಪಶ್ಚಿಮಕ್ಕೆ ಬಂದಿತ್ತು. "ಹೀಗೆ ಕಟ್ಟಿ" ಅಂದರು. ಈಗ ದೂರ 24 ಅಡಿ, ಇಳಿಜಾರು 6 ಇಂಚು, ಪೈಪು 20 ಇಂಚು ಕೆಳಗೆ. ಸಾಕು.

ಅಮ್ಮ ಅಡುಗೆಮನೆಯಿಂದಲೇ, "ನಾನು ಹೇಳಿದ್ದೂ ಅದೇ ತಾನೇ" ಅಂದರು. ಹೇಳಿದ್ದು ನಿಜ. ಈಶಾನ್ಯದಲ್ಲಿ ಬಚ್ಚಲು ಬೇಡ ಅಂತ ಮೊದಲ ದಿನವೇ ಅಂದಿದ್ದರು. ನಾನು ಕೇಳದ ಹಾಗೆ ಇದ್ದೆ. ಈಗ ಅದು ವಾಯವ್ಯಕ್ಕೆ ಹೋಗಿತ್ತು. ವಾಸ್ತುವೂ ಇಳಿಜಾರೂ ಒಂದೇ ಕಡೆ ಬೆರಳು ತೋರಿಸಿದ್ದು ಇದೊಂದೇ ಸಲ ಅಂತ ಅಪ್ಪ ಹೇಳುತ್ತಾರೆ. ಅವರ ಸರ್ವಿಸಿನಲ್ಲೂ ಆಗಿರಲಿಲ್ಲವಂತೆ.

ನಗರಸಭೆಯ ಕಾಗದ

2024ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದೆವು. ಎಲ್ಲ ಆನ್‌ಲೈನ್. 34ನೇ ದಿನ, ಮಾರ್ಚ್ ಕೊನೆಯಲ್ಲಿ, ಆಕ್ಷೇಪಣೆಗಳ ಕಾಗದ ಬಂತು. ಸಣ್ಣಪುಟ್ಟದ್ದು ಬಿಟ್ಟರೆ ಎರಡು ದೊಡ್ಡವು.

ಒಂದು, ನಮ್ಮ ವಲಯದಲ್ಲಿ ಸೈಟಿನ ಶೇ. 40ಕ್ಕಿಂತ ಹೆಚ್ಚು ಜಾಗದಲ್ಲಿ ಕಟ್ಟಡ ಇರುವಂತಿಲ್ಲ. 6,000 ಚದರ ಅಡಿಗೆ 2,400. ನಮ್ಮದು 1,870 ಮತ್ತು 738 ಸೇರಿ 2,608. ಶೇ. 43 ದಾಟಿತ್ತು. ಆದ್ದರಿಂದ ಎಡಿಯುವನ್ನು 530 ಚದರ ಅಡಿಗೆ ಇಳಿಸಿ.

ನನ್ನ ಎದೆ ಧಸಕ್ ಅಂತು. ಡಿಸೈನರ್ ಮಾತ್ರ ನಕ್ಕರು. 800 ಚದರ ಅಡಿವರೆಗಿನ ಎಡಿಯುವನ್ನು ಈ ಶೇಕಡಾ ಲೆಕ್ಕ ಹಿಡಿದು ತಡೆಯುವಂತಿಲ್ಲ ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಆ ಕಾಗದ ಬರೆದವರು ಹಳೆಯ ಪಟ್ಟಿ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋಗಿದ್ದರು ಅನಿಸುತ್ತದೆ. ಡಿಸೈನರ್ ಅರ್ಧ ಪುಟದ ಉತ್ತರ ಬರೆದರು. ಒಂದು ತಮಾಷೆ ಏನೆಂದರೆ ಆ ತಿಂಗಳೇ ರಾಜ್ಯ ಎಡಿಯು ಕಾನೂನಿನ ಸೆಕ್ಷನ್ ನಂಬರುಗಳನ್ನೆಲ್ಲ ಬದಲಿಸಿತ್ತು. ವರ್ಷಗಳಿಂದ ಎಲ್ಲರ ಬಾಯಲ್ಲಿದ್ದ 65852.2 ಹೋಗಿ 66310ರಿಂದ ಶುರುವಾಗುವ ಹೊಸ ಸಾಲು ಬಂದಿತ್ತು. ಅವರ ಕಾಗದದಲ್ಲಿ ಹಳೆಯ ನಂಬರು, ನಮ್ಮ ಉತ್ತರದಲ್ಲಿ ಎರಡೂ. ರಾಜ್ಯದ ಗೃಹ ಇಲಾಖೆ ಊರುಗಳ ಎಡಿಯು ನಿಯಮಗಳನ್ನು ಪರಿಶೀಲಿಸಿ ತಪ್ಪಿದ್ದರೆ ಪತ್ರ ಬರೆಯುತ್ತದೆ. ಆ ಇಲಾಖೆಯ ಕೈಪಿಡಿಯ ಒಂದು ಪುಟವನ್ನೂ ಲಗತ್ತಿಸಿದರು. ಆಕ್ಷೇಪಣೆ ಮಾತಿಲ್ಲದೆ ಹೋಯಿತು. ಕ್ಷಮಿಸಿ ಅಂತ ಯಾರೂ ಹೇಳಲಿಲ್ಲ. ಡಿಸೈನರ್ ಇಲ್ಲದೆ ನಾವೇ ಅರ್ಜಿ ಹಾಕಿದ್ದರೆ? ಸುಮ್ನೆ 530ಕ್ಕೆ ಇಳಿಸಿಬಿಡುತ್ತಿದ್ದೆವು, ಖಂಡಿತ.

ಎರಡನೇ ಆಕ್ಷೇಪಣೆ ಸರಿಯಾಗಿತ್ತು. ನಮ್ಮ ಹಿಂಗೋಡೆ ಈಸ್‌ಮೆಂಟಿನ ಗೆರೆಯ ಮೇಲೇ ನಿಂತಿತ್ತು. ಹಾಗಾದರೆ ಸೂರು? ಒಂದು ಅಡಿ ಸೂರು ಪೂರ್ತಿ ಪಟ್ಟಿಯೊಳಗೆ ಚಾಚಿತ್ತು. ಗೋಡೆ ಇಲ್ಲದಿದ್ದರೂ ಗಾಳಿಯಲ್ಲಿ ಚಾಚುವುದೂ ಕಟ್ಟಿದ ಹಾಗೆಯೇ. ಡಿಸೈನರ್ ಹಣೆ ಚಚ್ಚಿಕೊಂಡರು. ಅಪ್ಪನೂ ನೋಡಿರಲಿಲ್ಲ, ಅದು ಅವರಿಗೆ ಎರಡು ದಿನ ಕೊರೆಯಿತು. ಗೋಡೆಯನ್ನು ಒಂದು ಅಡಿ ಮುಂದೆ ತಂದೆವು. ಅಗಲ 17 ಆಯಿತು. ಕಳೆದುಕೊಂಡದ್ದನ್ನು ಉದ್ದದಲ್ಲಿ ಹಿಡಿದು 43 ಅಡಿ ಮಾಡಿದೆವು. 731 ಚದರ ಅಡಿ. ಪೂರ್ವಕ್ಕಿದ್ದ ನಿಂಬೆ ಗಿಡದ ಒಂದು ಕೊಂಬೆ ಹೋಯಿತು.

ತಿದ್ದಿದ ನಕ್ಷೆ ಏಪ್ರಿಲ್ ಮಧ್ಯದಲ್ಲಿ ಕೊಟ್ಟೆವು. ಮೇ ಕೊನೆಗೆ ಪರ್ಮಿಟ್ ಬಂತು. ತಿದ್ದಲು ನಾವು ತೆಗೆದುಕೊಂಡ ಮೂರು ವಾರದ ಪಾಪ ನಮ್ಮ ತಲೆಗೇ. ಒಟ್ಟು ಮೂರು ತಿಂಗಳಿಗಿಂತ ತುಸು ಹೆಚ್ಚು. ಪ್ಲಾನ್ ಸ್ಯಾಂಕ್ಷನ್ನಿಗೆ ಒಬ್ಬರ ಮುಖವನ್ನೂ ನೋಡದೆ, ಒಂದು ಸಲವೂ ಮೆಟ್ಟಿಲು ಹತ್ತದೆ ಆಯಿತಲ್ಲ ಅಂತ ಅಪ್ಪನಿಗೆ ಆಶ್ಚರ್ಯ.

ನೆರೆಯವರಿಗೆ ಹೇಳಬೇಕು ಅಂತ ಕಾನೂನಿಲ್ಲ. ಆದರೂ ಪಶ್ಚಿಮದ ಮನೆಯ ಅಜ್ಜನಿಗೆ ನಕ್ಷೆ ತೋರಿಸಿ ಬಂದೆವು. ಅವರು ಆ ಮನೆ ಹೊಸದಾಗಿದ್ದಾಗಿನಿಂದ ಅಲ್ಲೇ ಇರುವವರು. ಎಷ್ಟು ಎತ್ತರ, ಕಿಟಕಿ ಯಾವ ಕಡೆ ಅಂತೆಲ್ಲ ಕೇಳಬಹುದು ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, ಛಾವಣಿಯ ಮಳೆನೀರು ಯಾವ ಕಡೆ ಬೀಳುತ್ತೆ? ನಮ್ಮ ಅಂಗಳಕ್ಕೇ ಅಂದೆ. ಸರಿ ಅಂತ ಬಾಗಿಲು ಹಾಕಿಕೊಂಡರು.

ದುಡ್ಡು, ಕರೆಂಟು, ತೆರಿಗೆ

ಕಟ್ಟುವ ಕಥೆ ಎಲ್ಲರ ಮನೆಯ ಕಥೆಯ ಹಾಗೇ. ಜುಲೈನಲ್ಲಿ ಶುರು, ಜನವರಿಗೆ ಬಣ್ಣ. ಒಟ್ಟು ಖರ್ಚು 3.4 ಲಕ್ಷ ಡಾಲರ್, ಹೋದ 6,500 ಸೇರಿ. ಊರಲ್ಲಿ ಯಾರಿಗೂ ಈ ಸಂಖ್ಯೆಯನ್ನು ರೂಪಾಯಿಗೆ ತಿರುಗಿಸಿ ಹೇಳಬೇಡ ಅಂತ ಅಮ್ಮನ ಕಟ್ಟಪ್ಪಣೆ.

ಸತಾಯಿಸಿದ್ದು ಕರೆಂಟು. 1962ರ ಮನೆಗೆ 100 ಆಂಪಿಯರಿನ ಮುಖ್ಯ ಪ್ಯಾನೆಲ್ ಇತ್ತು. ಎರಡು ಮನೆಗೆ 200 ಬೇಕು. ಪ್ಯಾನೆಲ್ ಹಾಕಲು ಒಂದು ದಿನ ಸಾಕು, ವಿದ್ಯುತ್ ಕಂಪನಿ ಹೊಸ ತಂತಿ ಎಳೆಯಲು ಐದು ತಿಂಗಳು ತೆಗೆದುಕೊಂಡಿತು. 60 ದಿನದ ಗಡುವು ನಗರಸಭೆಗೆ. ವಿದ್ಯುತ್ ಕಂಪನಿಗೆ ಅಂಥ ಗಡಿಯಾರ ಕಟ್ಟಿದವರು ನಮಗೆ ಕಾಣಲಿಲ್ಲ. ಬಣ್ಣ ಬಳಿದ ಮನೆ ಕೊನೆಯ ತಪಾಸಣೆಗೆ ಕಾದು ಕೂತಿತ್ತು. ಪಾಯ ತೋಡುವ ಮೊದಲೇ ಅರ್ಜಿ ಹಾಕಬೇಕಿತ್ತು. ಅದು ನಮ್ಮ ತಪ್ಪೇ.

ಆಸ್ತಿ ತೆರಿಗೆಯ ಬಗ್ಗೆ ಎಲ್ಲರೂ ಹೆದರಿಸಿದ್ದರು. 1978ರ ಪ್ರೊಪೊಸಿಷನ್ 13ರಿಂದಾಗಿ ಹಳೆಯ ಮನೆಯ ಬೆಲೆಯನ್ನು ಹೊಸದಾಗಿ ಕಟ್ಟುವುದಿಲ್ಲ. ಹೊಸದಾಗಿ ಸೇರಿದ್ದರ ಬೆಲೆ ಮಾತ್ರ ಮೇಲೆ ಕೂಡಿಸುತ್ತಾರೆ. ತೆರಿಗೆ ಏರಿತು, ಹೆದರಿದಷ್ಟು ಅಲ್ಲ.

"ನಾವು ಊರಿಗೆ ಹೋದಾಗ ಬಾಡಿಗೆಗೆ ಕೊಡಬಹುದಾ?" ಅಂತ ಅಮ್ಮ ಕೇಳಿದರು. ಕೊಡಬಹುದು, 30 ದಿನಕ್ಕಿಂತ ಹೆಚ್ಚಿನ ಬಾಡಿಗೆಗೆ. ಪ್ರವಾಸಿಗರಿಗೆ ಎರಡು ರಾತ್ರಿ, ಮೂರು ರಾತ್ರಿ ಅಂತ ಕೊಡುವ ಹಾಗಿಲ್ಲ. ಮಾಲೀಕರು ಅದೇ ಸೈಟಿನಲ್ಲಿ ಇರಲೇಬೇಕು ಅನ್ನುವ ಷರತ್ತನ್ನು ಊರುಗಳು ಹಾಕುವಂತಿಲ್ಲ ಅನ್ನುವುದು 2024ರಿಂದ ಕಾಯಂ ಆಗಿದೆ. ನಮಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆದರೆ ಸಾಲ ಕೊಡುವ ಬ್ಯಾಂಕಿನವರು ಇದನ್ನು ಕೇಳುತ್ತಾರೆ.

ಇನ್ನೊಂದು ವಿಷಯ ಅಪ್ಪನಿಗೆ ಬಹಳ ಹಿಡಿಸಿತು. ನಮ್ಮ ಬೀದಿಯಲ್ಲೇ ಎರಡು ಮನೆಗಳ ಹಿಂದೆ ಯಾವ ಕಾಲದಲ್ಲೋ ಪರ್ಮಿಟ್ ಇಲ್ಲದೆ ಕಟ್ಟಿದ ಕೋಣೆಗಳಿವೆ, ಅವುಗಳಲ್ಲಿ ಜನ ಇದ್ದಾರೆ. 2020ಕ್ಕಿಂತ ಮೊದಲು ಕಟ್ಟಿದ ಅಂಥ ಮನೆಗಳಿಗೆ ವಾಸಕ್ಕೆ ಅಪಾಯ ಇಲ್ಲದಿದ್ದರೆ ವಲಯ ನಿಯಮ ಮೀರಿದ್ದಕ್ಕೆ ಪರ್ಮಿಟ್ ನಿರಾಕರಿಸುವಂತಿಲ್ಲ ಅಂತ 2025ರಲ್ಲಿ ಕಾನೂನು ಜಾರಿಗೆ ಬಂತು. ಅಪ್ಪ ಜೋರಾಗಿ ನಕ್ಕರು. "ಅಕ್ರಮ-ಸಕ್ರಮ! ಇಲ್ಲೂ ಬಂತಾ?" ಅಂದರು. ನಮ್ಮ ಕರ್ನಾಟಕದ ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತ್ತು. ಎರಡೂ ಒಂದೇ ಅಲ್ಲ ಅಂತ ನಾನು ವಾದ ಮಾಡಿದೆ. ಅಲ್ಲಿ ದಂಡ ಕಟ್ಟಿಸಿಕೊಂಡು ಎಲ್ಲ ಥರದ ಕಟ್ಟಡಗಳನ್ನೂ ಸಕ್ರಮ ಮಾಡುವ ಯೋಜನೆ, ಇಲ್ಲಿ ಒಂದು ಜಾತಿಯ ಚಿಕ್ಕ ಮನೆಗಳಿಗೆ ಮಾತ್ರ. ಅಪ್ಪ ಕೇಳಿಸಿಕೊಂಡರು, ಒಪ್ಪಲಿಲ್ಲ.

2025ರ ಮಾರ್ಚ್‌ನಲ್ಲಿ ಹಾಲು ಉಕ್ಕಿಸಿದೆವು. ಒಲೆ ಇಂಡಕ್ಷನ್ನಿನದು, ಅಮ್ಮನಿಗೆ ಮೊದಲ ಸಲ ಹಾಲು ಉಕ್ಕಿದ್ದು ಗೊತ್ತಾಗುವಷ್ಟರಲ್ಲಿ ಅರ್ಧ ಕೆಳಗಿತ್ತು. ಶುಭ ಅಂದರು.

ಹಿಂದಿನ 10 ಅಡಿ ಪಟ್ಟಿ ಈಗ ಅಮ್ಮನದು. ದಂಟು, ಮೆಂತ್ಯ, ಬೇಲಿಗೆ ಹಬ್ಬಿಸಿದ ಹೀರೆ. ಕರಿಬೇವು ಮಾತ್ರ ಕುಂಡದಲ್ಲಿ. ಕೆಲಸದವರು ಬಂದಾಗ ಎತ್ತಿಡಬೇಕಲ್ಲ. ಆ ಗಿಡವನ್ನು ಬೇರೆ ಊರಿನ ಗೆಳತಿಗೆ ಕೊಟ್ಟು ಕಳಿಸಲು ಹೊರಟಾಗ ಇನ್ನೊಂದು ನಿಯಮ ಎದುರಾಯಿತು. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಕೂರುತ್ತದೆ, ಹಾಗಾಗಿ ನಿರ್ಬಂಧ ಇರುವ ಪ್ರದೇಶದಿಂದ ಗಿಡವನ್ನು ಹೊರಗೆ ಸಾಗಿಸುವಂತಿಲ್ಲ. ಗೆಳತಿ ಬಂದು ಊಟ ಮಾಡಿ ಹೋದಳು.

ಹೋದ ತಿಂಗಳು ಕಂಬದ ಕೆಲಸಕ್ಕೆ ಇಬ್ಬರು ಬಂದರು. ಅಪ್ಪ ಪಕ್ಕದ ಗೇಟು ತೆಗೆದು, ಕುಂಡಗಳನ್ನು ಒಂದೊಂದಾಗಿ ಸರಿಸಿ ದಾರಿ ಮಾಡಿಕೊಟ್ಟರು. ಆಮೇಲೆ ಕುರ್ಚಿ ಹಾಕಿಕೊಂಡು ಅವರು ಕಂಬ ಹತ್ತಿ ಇಳಿಯುವವರೆಗೂ ನೋಡುತ್ತಾ ಕೂತರು. ಇಳಿದವನು ಹೊಸ ಮನೆಯ ಸೂರನ್ನೂ ತಂತಿಯನ್ನೂ ಒಂದು ಸಲ ತಲೆಯೆತ್ತಿ ನೋಡಿದ. ಅಪ್ಪ ಕೂತಲ್ಲಿಂದಲೇ ಇಂಗ್ಲಿಷಿನಲ್ಲಿ ಹೇಳಿದರು, ಹನ್ನೊಂದು ಅಡಿ ಬಿಟ್ಟಿದ್ದೇವೆ, ಬೇಕಾದರೆ ಅಳೆದು ನೋಡಿ.